ಮನೆ ವರ್ಕ್‌ಶಾಪಿನ ಬೆಂಚು ಹರವಿಕೊಂಡಿರಬೇಕಾ, ಒಪ್ಪವಾಗಿರಬೇಕಾ? ಪದೇ ಪದೇ ಕೇಳುವ ಪ್ರಶ್ನೆಗಳು

ಮರಗೆಲಸ, ಹಳೇ ರೇಡಿಯೋ ಮತ್ತು ಟೇಪ್ ರೆಕಾರ್ಡರ್ ರಿಪೇರಿ, ಒಂದಿಷ್ಟು ಎಲೆಕ್ಟ್ರಾನಿಕ್ಸ್. ಇವು ನನ್ನ ಹವ್ಯಾಸ. ಬಾಡಿಗೆ ಮನೆಯ ಬಾಲ್ಕನಿಯಲ್ಲಿ ಶುರುವಾಗಿದ್ದು ಈಗ ಕಾರ್ ಶೆಡ್ಡಿಗೆ ಬಂದು ನಿಂತಿದೆ. ನನ್ನ ಬೆಂಚು ನೋಡಿದವರು ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ. ಹೊಸದಾಗಿ ಶುರು ಮಾಡುವವರಿಗೆ ಅನುಕೂಲವಾಗಲಿ ಅಂತ ಉತ್ತರಗಳನ್ನು ಇಲ್ಲಿ ಬರೆದಿಟ್ಟಿದ್ದೇನೆ.

ಬೆಂಚಿನ ಮೇಲೆ ಸಾಮಾನು ಹರಡಿಕೊಂಡಿದ್ದರೆ ತಪ್ಪಾ?

ಅದು ಹರವೋ ರಾಶಿಯೋ ಅನ್ನುವುದನ್ನು ಮೊದಲು ನೋಡಿ. ನಾನು ಎರಡನ್ನೂ ಬೇರೆ ಬೇರೆ ಅಂತಲೇ ಲೆಕ್ಕ ಹಾಕುತ್ತೇನೆ.

ಹರವು ಅಂದರೆ ಈಗ ನಡೆಯುತ್ತಿರುವ ಕೆಲಸದ ಸಾಮಾನು. ಉಳಿ, ಸುತ್ತಿಗೆ, ಮೂಲೆಮಟ್ಟ, ಪೆನ್ಸಿಲ್, ಅರ್ಧ ಕೊರೆದ ಹಲಗೆ. ಎಲ್ಲವೂ ಒಂದೇ ಪದರದಲ್ಲಿ ಬಿದ್ದಿರುತ್ತವೆ. ನೋಡುವವರಿಗೆ ಚೆಲ್ಲಾಪಿಲ್ಲಿ ಅನಿಸಬಹುದು, ಆದರೆ ಕೈ ಹಾಕಿದರೆ ಬೇಕಾದದ್ದು ಸಿಗುತ್ತದೆ. ರಾಶಿ ಅಂದರೆ ಮೂರು ವಾರದ ಹಿಂದಿನ ಕೆಲಸದ ಮೇಲೆ ಹೋದ ವಾರದ ಕೆಲಸ, ಅದರ ಮೇಲೆ ಕೊರಿಯರ್ ಡಬ್ಬ, ಅದರ ಮೇಲೆ ಇವತ್ತಿನ ಡ್ರಿಲ್ ಮಷೀನು.

ನಾನು ಇಟ್ಟುಕೊಂಡಿರುವ ಗುರುತು ಸುಲಭ. ಒಂದು ವಸ್ತುವಿನ ಮೇಲೆ ಇನ್ನೊಂದು ವಸ್ತು ಕೂತಿತೋ, ಅಲ್ಲಿಗೆ ಕೈ ನಿಲ್ಲಿಸಬೇಕು. ಕೆಳಗೆ ಹೋದದ್ದು ಕಣ್ಣಿಗೂ ಬೀಳುವುದಿಲ್ಲ, ನೆನಪಿಗೂ ಬರುವುದಿಲ್ಲ. ಆಮೇಲೆ ಅಂಗಡಿಗೆ ಹೋಗಿ ಅದನ್ನೇ ಇನ್ನೊಂದು ತರುತ್ತೇವೆ.

ದೊಡ್ಡ ದೊಡ್ಡ ಎಂಜಿನಿಯರ್‌ಗಳ ಬೆಂಚುಗಳೇ ಗಲೀಜಾಗಿದ್ದವಂತೆ. ನಿಜವಾ?

ನಿಜ. ಎಲೆಕ್ಟ್ರಾನಿಕ್ಸ್‌ನಲ್ಲಿ ಆಸಕ್ತಿ ಇರುವವರು ಜಿಮ್ ವಿಲಿಯಮ್ಸ್ ಹೆಸರು ಕೇಳಿರುತ್ತೀರಿ. ಅನಲಾಗ್ ಸರ್ಕ್ಯೂಟ್‌ಗಳಲ್ಲಿ ದೊಡ್ಡ ಹೆಸರು. ಲೀನಿಯರ್ ಟೆಕ್ನಾಲಜಿ ಕಂಪನಿಯಲ್ಲಿ ಇದ್ದವರು. ಅವರ ಬೆಂಚಿನ ಮೇಲೆ ವೈರು, ಪ್ರೋಬು, ಬಿಡಿಭಾಗ, ಅರ್ಧಂಬರ್ಧ ಸರ್ಕ್ಯೂಟುಗಳು ಒಂದರ ಮೇಲೊಂದು. 2011ರಲ್ಲಿ ಅವರು ತೀರಿಕೊಂಡ ಮೇಲೆ ಆ ಬೆಂಚನ್ನು ಇದ್ದ ಹಾಗೆಯೇ ತಂದು ಕ್ಯಾಲಿಫೋರ್ನಿಯಾದ ಕಂಪ್ಯೂಟರ್ ಹಿಸ್ಟರಿ ಮ್ಯೂಸಿಯಂನಲ್ಲಿ ಪ್ರದರ್ಶನಕ್ಕೆ ಇಟ್ಟರು.

ಅಲೆಕ್ಸಾಂಡರ್ ಫ್ಲೆಮಿಂಗ್ ಕಥೆ ಎಲ್ಲರಿಗೂ ಗೊತ್ತು. 1928ರ ಸೆಪ್ಟೆಂಬರಿನಲ್ಲಿ ರಜೆ ಮುಗಿಸಿ ಲಂಡನ್ನಿನ ಸೇಂಟ್ ಮೇರೀಸ್ ಆಸ್ಪತ್ರೆಯ ಲ್ಯಾಬಿಗೆ ಬಂದರು. ಹೋಗುವ ಮುಂಚೆ ಬೆಂಚಿನ ಮೇಲೆ ಬಿಟ್ಟಿದ್ದ ತಟ್ಟೆಗಳಲ್ಲಿ ಒಂದಕ್ಕೆ ಬೂಷ್ಟು ಹಿಡಿದಿತ್ತು. ಬೂಷ್ಟಿನ ಸುತ್ತ ಬ್ಯಾಕ್ಟೀರಿಯಾ ಸತ್ತಿದ್ದವು. ಪೆನಿಸಿಲಿನ್ ಸಿಕ್ಕಿದ್ದು ಹಾಗೆ.

ಈ ಎರಡು ಕಥೆ ಹೇಳಿ ತಮ್ಮ ರಾಶಿಯನ್ನು ಸಮರ್ಥಿಸಿಕೊಳ್ಳುವವರು ಜಾಸ್ತಿ. ನನಗೆ ಅದು ಒಪ್ಪಿಗೆಯಿಲ್ಲ. ಫ್ಲೆಮಿಂಗ್ ಆ ತಟ್ಟೆಯನ್ನು ಸುಮ್ನೆ ಎಸೆಯದೆ ಕೈಯಲ್ಲಿ ಹಿಡಿದು ನೋಡಿದರು. ವಿಲಿಯಮ್ಸ್ ಅಂಥ ಬೆಂಚಿನ ಮುಂದೆ ದಶಕಗಟ್ಟಲೆ ದಿನವಿಡೀ ಕೂತವರು, ಅದರ ಮೂಲೆ ಮೂಲೆಯೂ ಅವರ ತಲೆಯಲ್ಲಿ ಇದ್ದಿರಬೇಕು. ನಾವು ಹವ್ಯಾಸಿಗಳು ಬೆಂಚಿನ ಮುಂದೆ ನಿಲ್ಲುವುದು ಭಾನುವಾರ ಎರಡು ಗಂಟೆ. ನಡುವೆ ಆರು ದಿನ ಆಫೀಸು, ಮನೆ, ಟ್ರಾಫಿಕ್ಕು. ಅಷ್ಟರಲ್ಲಿ ಯಾವುದು ಎಲ್ಲಿತ್ತು ಅನ್ನುವುದು ಮರೆತೇ ಹೋಗಿರುತ್ತದೆ. ದಿನವೂ ಕೆಲಸ ಮಾಡುವವರಿಗಿಂತ ನಮಗೇ ಒಪ್ಪ ಜಾಸ್ತಿ ಬೇಕು ಅಂತ ನಾನು ಹೇಳುವುದು ಇದಕ್ಕೇ.

ಗಲೀಜಿದ್ದರೆ ಹೊಸ ಐಡಿಯಾ ಬರುತ್ತದೆ ಅಂತ ಸಂಶೋಧನೆಯೇ ಹೇಳುತ್ತದಲ್ವಾ?

2013ರಲ್ಲಿ ಅಮೆರಿಕದ ಮಿನ್ನೆಸೋಟಾ ವಿಶ್ವವಿದ್ಯಾಲಯದವರು ಅಂಥದ್ದೊಂದು ಪ್ರಯೋಗ ಪ್ರಕಟಿಸಿದರು. ಅಸ್ತವ್ಯಸ್ತ ಕೋಣೆಯಲ್ಲಿ ಕೂತವರು ಪಿಂಗ್‌ಪಾಂಗ್ ಚೆಂಡಿಗೆ ಹೊಸ ಹೊಸ ಉಪಯೋಗ ಹೇಳುವುದರಲ್ಲಿ ಮುಂದಿದ್ದರು. ಆದರೆ ಅದು ಕೂತು ಯೋಚಿಸುವ ಕೆಲಸ. ಅಲ್ಲಿ ಹರಿತವಾದ ಉಳಿಯೂ ಇರಲಿಲ್ಲ, ಕಾದ ಸೋಲ್ಡರಿಂಗ್ ಐರನ್ನೂ ಇರಲಿಲ್ಲ. ಐಡಿಯಾಕ್ಕಾಗಿ ಒಂದು ಹಳೇ ಸಾಮಾನಿನ ಬುಟ್ಟಿ ಇಟ್ಟುಕೊಳ್ಳಿ, ಬೇಜಾರಾದಾಗ ಕೈಯಾಡಿಸಿ. ಬೆಂಚು ಖಾಲಿ ಇರಲಿ.

ಫ್ಯಾಕ್ಟರಿಯಲ್ಲಿ ಮಾಡುವ ಫೈವ್ ಎಸ್ ಮನೆಗೂ ಬೇಕಾ?

ಫೈವ್ ಎಸ್ ಜಪಾನಿನ ಕಾರ್ಖಾನೆಗಳಿಂದ ಬಂದದ್ದು. ಸೇರಿ, ಸೇಟೋನ್, ಸೇಸೋ, ಸೇಕೆತ್ಸು, ಶಿತ್ಸುಕೆ. ಅಂದರೆ ಬೇಡದ್ದು ತೆಗೆ, ಬೇಕಾದ್ದಕ್ಕೆ ಜಾಗ ಮಾಡು, ಗುಡಿಸಿ ಒರೆಸು, ಎಲ್ಲರಿಗೂ ಒಂದೇ ಪದ್ಧತಿ ಮಾಡು, ಅದನ್ನು ರೂಢಿ ಮಾಡು. ಪೀಣ್ಯದಲ್ಲೋ ಹೊಸೂರಿನಲ್ಲೋ ಕೆಲಸ ಮಾಡಿದವರಿಗೆ ಗೋಡೆ ಮೇಲಿನ ಆ ಬೋರ್ಡು ನೆನಪಿರುತ್ತದೆ. ಅಲ್ಲಿ ಒಂದೇ ಮಷೀನಿಗೆ ಮೂರು ಶಿಫ್ಟಿನಲ್ಲಿ ಮೂವರು ಬರುತ್ತಾರೆ, ಹಾಗಾಗಿ ಐದೂ ಬೇಕು. ಮನೆಯಲ್ಲಿ ಇರುವವರು ನೀವೊಬ್ಬರೇ. ಮೊದಲ ಎರಡು ಸಾಕು.

ವಿಮಾನ ರಿಪೇರಿ ಮಾಡುವ ಹ್ಯಾಂಗರುಗಳಲ್ಲಿ ಪ್ರತಿ ಸ್ಪ್ಯಾನರಿನ ಆಕಾರವನ್ನೂ ಹಲಗೆ ಮೇಲೆ ಬರೆದಿರುತ್ತಾರೆ. ಖಾಲಿ ಆಕಾರ ಕಂಡರೆ ಸ್ಪ್ಯಾನರು ಎಂಜಿನ್ನಿನೊಳಗೆ ಉಳಿದಿರಬಹುದು ಅಂತ ಅರ್ಥ. ಅಡುಗೆಯಲ್ಲಿ ಹೆಸರಾದ ಜೂಲಿಯಾ ಚೈಲ್ಡ್ ಅವರ ಗಂಡ, ಅಡುಗೆಮನೆಯ ಗೋಡೆ ಮೇಲೆ ಬಾಣಲೆಗಳ ಆಕಾರವನ್ನು ಹೀಗೇ ಬರೆದುಕೊಟ್ಟಿದ್ದರು. ಇದು ಮನೆಗೂ ಒಳ್ಳೆಯದೇ. ಆದರೆ ಮೊದಲ ವರ್ಷವೇ ಆಕಾರ ಬರೆಯಬೇಡಿ. ಜಾಗಗಳು ಬದಲಾಗುತ್ತಲೇ ಇರುತ್ತವೆ, ನಿಂತ ಮೇಲೆ ಬರೆಯಿರಿ.

ಯಾವ ಉಪಕರಣ ಎಲ್ಲಿ ಇಡಬೇಕು?

ಇದಕ್ಕೆ ಉತ್ತರ ನನಗೆ ಸಿಕ್ಕಿದ್ದು ಚಿಕ್ಕಂದಿನಲ್ಲಿ. ಹಿತ್ತಿಲ ಬಾಗಿಲು ಮಾಡಲು ಮನೆಗೆ ಒಬ್ಬ ಆಚಾರ್ರು ಬರುತ್ತಿದ್ದರು. ಬೆಂಚು ಗಿಂಚು ಏನೂ ಇಲ್ಲ. ಜಗಲಿ ಮೇಲೆ ಕೂತು, ಮರದ ತುಂಡನ್ನು ಪಾದದಲ್ಲಿ ಒತ್ತಿ ಹಿಡಿದು ಕೊರೆಯುತ್ತಿದ್ದರು. ಗೋಣಿಚೀಲ ಬಿಚ್ಚಿದರೆ ಮೊದಲು ಉಳಿಗಳು ಬಲಗಡೆಗೆ. ಅಗಲದ್ದು ಹತ್ತಿರ, ಸಣ್ಣದು ದೂರ. ಎಲ್ಲದರ ಬಾಯಿ ಆಚೆಗೆ, ಹಿಡಿ ಅವರ ಕಡೆಗೆ. ಎಡಗಡೆ ಉಜ್ಜುಗೊರಡು, ಅದನ್ನು ಪಕ್ಕಕ್ಕೆ ಮಲಗಿಸಿ ಇಡುತ್ತಿದ್ದರು, ಅಲಗಿಗೆ ನೆಲ ತಾಗಬಾರದು ಅಂತ. ಗರಗಸ ಬೆನ್ನ ಹಿಂದೆ. ಸಾಣೆಕಲ್ಲು ನೀರಿನ ತಂಬಿಗೆ ಪಕ್ಕ. ಕಣ್ಣು ಮರದ ಮೇಲೇ ಇರುತ್ತಿತ್ತು. ಕೈ ತಾನಾಗಿ ಹೋಗಿ ಉಳಿ ತರುತ್ತಿತ್ತು. ಸುತ್ತ ಮೊಣಕಾಲೆತ್ತರ ಹೊಟ್ಟು, ಸಿಪ್ಪೆ. ನಾವು ಮಕ್ಕಳು ಅದರಲ್ಲಿ ಆಡುತ್ತಿದ್ದೆವು. ಆದರೆ ಉಳಿಗಳ ಸಾಲು ಮಾತ್ರ ಸಂಜೆಯವರೆಗೂ ಕದಲುತ್ತಿರಲಿಲ್ಲ.

ಅವರದ್ದು ಗಲೀಜು ಜಾಗವೋ ಒಪ್ಪವಾದ ಜಾಗವೋ ಅಂತ ಕೇಳಿದರೆ ನಾನು ಒಪ್ಪವಾದದ್ದು ಅಂತಲೇ ಹೇಳುತ್ತೇನೆ.

ನಿಮ್ಮ ಬೆಂಚಿಗೆ ಇದನ್ನು ತರುವುದು ಹೀಗೆ. ಒಂದು ದಿನ ಎಲ್ಲವನ್ನೂ ಇಳಿಸಿ ಒಂದು ಪೆಟ್ಟಿಗೆಗೆ ಹಾಕಿ. ಕೆಲಸ ಶುರು ಮಾಡಿ. ಬೇಕಾದ್ದನ್ನು ಪೆಟ್ಟಿಗೆಯಿಂದ ತೆಗೆಯಿರಿ, ಮುಗಿದ ಮೇಲೆ ಪೆಟ್ಟಿಗೆಗೆ ವಾಪಸ್ ಹಾಕಬೇಡಿ, ಕೈಗೆ ಸಿಗುವ ಕಡೆ ಜಾಗ ಮಾಡಿ. ಎರಡು ತಿಂಗಳಾದ ಮೇಲೆ ಪೆಟ್ಟಿಗೆಯಲ್ಲಿ ಉಳಿದದ್ದು ಬೀರುವಿಗೆ ಹೋಗಲಿ. ನನ್ನ ಬೆಂಚಿನಲ್ಲಿ ಕೈಯಳತೆಯಲ್ಲಿ ಉಳಿದದ್ದು ಹದಿನಾಲ್ಕು ಉಪಕರಣ ಅಷ್ಟೇ. ನನ್ನ ಹತ್ತಿರ ನೂರರ ಮೇಲಿವೆ.

ಸ್ಕ್ರೂ, ಸ್ಪ್ರಿಂಗು, ರೆಸಿಸ್ಟರ್ ತರಹದ ಸಣ್ಣ ಸಾಮಾನು ಹೇಗೆ ಇಡುವುದು?

ಒಳಗಿರುವುದು ಹೊರಗಿಂದ ಕಾಣಬೇಕು. ಹಾರ್ಲಿಕ್ಸ್ ಬಾಟ್ಲಿ, ಉಪ್ಪಿನಕಾಯಿ ಜಾಡಿ ಯಾವುದಾದರೂ ಆದೀತು, ಪಾರದರ್ಶಕ ಆಗಿದ್ದರೆ ಸರಿ. ತಗಡಿನ ಡಬ್ಬವಾದರೆ ಒಂದು ಸ್ಕ್ರೂವನ್ನು ಮುಚ್ಚಳದ ಮೇಲೆ ಟೇಪಿನಿಂದ ಅಂಟಿಸಿ. ಚೀಟಿ ಓದುವುದಕ್ಕಿಂತ ಸ್ಕ್ರೂ ನೋಡುವುದು ಬೇಗ. ಐಸಿಗಳನ್ನು, ಅಂದರೆ ಎಲೆಕ್ಟ್ರಾನಿಕ್ ಚಿಪ್ಪುಗಳನ್ನು ಮಾತ್ರ ಸಾಮಾನ್ಯ ಪ್ಲಾಸ್ಟಿಕ್ ಡಬ್ಬದಲ್ಲಿ ಹಾಕಬೇಡಿ. ಒಣ ಹವೆಯಲ್ಲಿ ಹುಟ್ಟುವ ಸ್ಟಾಟಿಕ್ ಕರೆಂಟಿಗೆ ಅವು ಸಾಯಬಹುದು. ಕೊಂಡಾಗ ಬಂದ ಕಪ್ಪು ಫೋಮಿನಲ್ಲೇ ಇರಲಿ.

ಬಿಚ್ಚುವ ಕೆಲಸಕ್ಕೆ ಅಡುಗೆಮನೆಯ ಒಗ್ಗರಣೆ ಡಬ್ಬಿಯಷ್ಟು ಒಳ್ಳೆಯದು ಇನ್ನೊಂದಿಲ್ಲ. ಒಳಗೆ ಏಳು ಬಟ್ಟಲು, ಮೇಲೊಂದು ಮುಚ್ಚಳ. ಮೊದಲು ಬಿಚ್ಚಿದ್ದು ಮೊದಲ ಬಟ್ಟಲಿಗೆ, ಆಮೇಲಿನದು ಮುಂದಿನದಕ್ಕೆ. ಜೋಡಿಸುವಾಗ ಹಿಂದಿನಿಂದ ಬನ್ನಿ. ಲ್ಯಾಪ್‌ಟಾಪ್ ಬಿಚ್ಚುವವರು ಇನ್ನೂ ಹುಷಾರಾಗಿರಬೇಕು. ಸ್ಕ್ರೂಗಳು ಒಂದೇ ತರಹ ಕಂಡರೂ ಉದ್ದ ಬೇರೆ. ಗಿಡ್ಡ ಸ್ಕ್ರೂ ಜಾಗಕ್ಕೆ ಉದ್ದದ್ದು ಹಾಕಿ ತಿರುಗಿಸಿದರೆ ಬೋರ್ಡಿಗೇ ತೂತು. ರಟ್ಟಿನ ಮೇಲೆ ಲ್ಯಾಪ್‌ಟಾಪಿನ ಚಿತ್ರ ಬರೆದು, ಆಯಾ ಜಾಗದಲ್ಲೇ ಸ್ಕ್ರೂ ಚುಚ್ಚಿ ಇಡಿ.

ಇದನ್ನು ಒತ್ತಿ ಹೇಳಲು ಕಾರಣ ಇದೆ. ಪಕ್ಕದ ಮನೆ ಅಜ್ಜಿ ತಮ್ಮ ಟೇಪ್ ರೆಕಾರ್ಡರ್ ಕೊಟ್ಟಿದ್ದರು. ತೀರಿಹೋದ ಯಜಮಾನರ ದನಿ ಇರುವ ಒಂದು ಕ್ಯಾಸೆಟ್ ಅವರ ಹತ್ತಿರ ಇತ್ತು. ಬೆಂಚಿನ ಒಂದು ತುದಿಯಲ್ಲಿ ನಾನು ಆಗ ತೇಗದ ಪಟ್ಟಿ ಹೆರೆಯುತ್ತಿದ್ದೆ, ಇನ್ನೊಂದು ತುದಿಯಲ್ಲಿ ಟೇಪ್ ರೆಕಾರ್ಡರ್ ಬಿಚ್ಚಿದ್ದೆ. ಟೇಪನ್ನು ಒತ್ತಿ ಹಿಡಿಯುವ ರಬ್ಬರ್ ಗಾಲಿಯ ಸ್ಪ್ರಿಂಗು, ಅಕ್ಕಿ ಕಾಳಿನಷ್ಟು ಉದ್ದ, ಮರದ ಸಿಪ್ಪೆಯೊಳಗೆ ಎಲ್ಲೋ ಹೋಯಿತು. ಜರಡಿ ಹಿಡಿದೆ, ಅಯಸ್ಕಾಂತ ಆಡಿಸಿದೆ. ಸಿಗಲಿಲ್ಲ. ಆ ಅಳತೆಯ ಸ್ಪ್ರಿಂಗು ಅಂಗಡಿಯಲ್ಲೂ ಇರಲಿಲ್ಲ. ಅಜ್ಜಿ ದಿನವೂ ಕೇಳುತ್ತಿರಲಿಲ್ಲ, ಕಾಂಪೌಂಡಿನ ಆಚೆಯಿಂದ ಒಮ್ಮೆ ನೋಡುತ್ತಿದ್ದರು. ಅಷ್ಟೇ. ಅವತ್ತಿನಿಂದ ಮರದ ಕೆಲಸ ಮತ್ತು ಬಿಚ್ಚುವ ಕೆಲಸ ಒಂದೇ ಬೆಂಚಿನ ಮೇಲೆ ಒಟ್ಟಿಗೆ ಮಾಡಿಲ್ಲ.

ದಿನವೂ ಬೆಂಚು ಖಾಲಿ ಮಾಡಬೇಕಾ?

ಬೇಡ. ನಡುವೆ ನಿಂತ ಕೆಲಸವನ್ನು ದಿನವೂ ಎತ್ತಿಟ್ಟು ಮತ್ತೆ ಹರವುವುದರಲ್ಲೇ ಅರ್ಧ ಗಂಟೆ ಹೋಗುತ್ತದೆ. ಇರುವುದೇ ಎರಡು ಗಂಟೆ. ಕೆಲಸ ಮುಗಿದಾಗ ಪೂರ್ತಿ ಖಾಲಿ ಮಾಡಿ, ಮುಂದಿನದನ್ನು ಆಮೇಲೆ ಶುರು ಮಾಡಿ. ಇದೊಂದನ್ನು ಬಿಡಬೇಡಿ.

ದಿನದ ಕೊನೆಗೆ ನಾನು ಮಾಡುವುದು ಮೂರೇ. ಪ್ಲಗ್ಗುಗಳನ್ನು ಕೀಳುವುದು, ಹರಿತವಾದದ್ದನ್ನು ಮುಚ್ಚುವುದು, ನೆಲ ಗುಡಿಸುವುದು. ಆಮೇಲೆ ಒಂದು ಚೀಟಿ ಬರೆದು ಕೆಲಸದ ಮೇಲೆ ಇಡುತ್ತೇನೆ. "ಎಡಗಡೆ ಕಾಲು 2 ಮಿ.ಮೀ. ಉದ್ದ ಇದೆ, ಹೆರೆಯಬೇಕು" ಅಂತ. ಮುಂದಿನ ಭಾನುವಾರ ನಿಂತು ಯೋಚಿಸಬೇಕಾಗಿಲ್ಲ.

ಎಲ್ಲಿ ಸ್ವಲ್ಪವೂ ಗಲೀಜು ಇರಬಾರದು?

ಬೆಂಕಿ, ಅಲಗು, ವಿಷ. ಈ ಮೂರರ ಹತ್ತಿರ.

ಅಗಸೆ ಎಣ್ಣೆ ಅಥವಾ ಅದು ಸೇರಿದ ಪಾಲಿಶ್ ಹಚ್ಚಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಆ ಎಣ್ಣೆ ಒಣಗುವಾಗ ಗಾಳಿಯ ಆಮ್ಲಜನಕದ ಜೊತೆ ಸೇರಿ ಶಾಖ ಹುಟ್ಟುತ್ತದೆ. ಮುದ್ದೆಯೊಳಗೆ ಶಾಖ ಹೊರಗೆ ಹೋಗಲು ದಾರಿಯಿಲ್ಲದೆ, ಕಡ್ಡಿ ಗೀರದೆಯೇ ಬಟ್ಟೆ ಹೊತ್ತಿಕೊಳ್ಳುತ್ತದೆ. ಹೊರಗೆ ತಂತಿಯ ಮೇಲೆ ಒಂದೇ ಪದರದಲ್ಲಿ ಹರವಿ ಒಣಗಿಸಿ, ಇಲ್ಲವೇ ನೀರು ತುಂಬಿದ ಡಬ್ಬದಲ್ಲಿ ಮುಳುಗಿಸಿಡಿ. ಈ ಉತ್ತರಗಳಲ್ಲಿ ಒಂದನ್ನೇ ನೆನಪಿಡುವುದಾದರೆ ಇದನ್ನು ಇಟ್ಟುಕೊಳ್ಳಿ.

ಗ್ರೈಂಡರ್ ಹಿಡಿಯುವ ಮುಂಚೆ ಹೊಟ್ಟು ಪೂರ್ತಿ ಗುಡಿಸಿ. ಕಿಡಿ ಹೊಟ್ಟಿನೊಳಗೆ ಹೋದರೆ ಗಂಟೆಗಟ್ಟಲೆ ಕಣ್ಣಿಗೆ ಬೀಳದೆ ಕೂತಿದ್ದು, ನೀವು ಮಲಗಿದ ಮೇಲೆ ಉರಿಯಬಹುದು. ಲಿಥಿಯಂ ಸೆಲ್ಲುಗಳನ್ನು ಕಬ್ಬಿಣದ ಪುಡಿ, ತಂತಿ ತುಂಡು ಇರುವ ಕಡೆ ಬಿಡಬೇಡಿ. ಎರಡು ತುದಿಗೂ ಲೋಹ ತಾಗಿದರೆ ಶಾರ್ಟ್.

ಮಾಮೂಲಿ 60/40 ಸೋಲ್ಡರಿನಲ್ಲಿ ನೂರಕ್ಕೆ ನಲವತ್ತು ಪಾಲು ಸೀಸ. ಅದು ಬೆರಳಿಗೆ ಅಂಟುತ್ತದೆ, ಬೆರಳಿಂದ ಬಾಯಿಗೆ. ಟೀ ಲೋಟ, ಚಕ್ಕುಲಿ ತಟ್ಟೆ ಸೋಲ್ಡರ್ ಮಾಡುವ ಬೆಂಚಿನ ಮೇಲೆ ಬರಲೇಬಾರದು. ಕೈ ತೊಳೆದೇ ಮಕ್ಕಳನ್ನು ಎತ್ತಿಕೊಳ್ಳಿ. ಮರದ ನುಣ್ಣನೆ ಧೂಳೂ ಸಣ್ಣದಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅದನ್ನು ಕ್ಯಾನ್ಸರ್ ತರುವ ವಸ್ತುಗಳ ಸಾಲಿಗೆ ಸೇರಿಸಿದೆ. ಒಣ ಪೊರಕೆ ಹಿಡಿದರೆ ಧೂಳು ಮೇಲೆದ್ದು ಮೂಗಿಗೇ ಬರುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿ, ಮಾಸ್ಕ್ ಹಾಕಿಕೊಳ್ಳಿ.

ಮಳೆಗಾಲದಲ್ಲಿ ಉಪಕರಣಕ್ಕೆ ತುಕ್ಕು ಹಿಡಿಯುತ್ತದೆ. ಏನು ಮಾಡೋದು?

ಮಂಗಳೂರು, ಉಡುಪಿ, ಮಲೆನಾಡಿನವರು ತುಂಬಾ ಕೇಳುವ ಪ್ರಶ್ನೆ. ತುಕ್ಕು ರಾಶಿಯ ಅಡಿಯಲ್ಲೇ ಮೊದಲು ಹಿಡಿಯುತ್ತದೆ. ಹೊಟ್ಟು ತೇವ ಹೀರಿ ಹಿಡಿದುಕೊಳ್ಳುತ್ತದೆ, ರಟ್ಟಿನ ಡಬ್ಬವೂ ಅಷ್ಟೇ. ರಟ್ಟಿದ್ದಲ್ಲಿಗೆ ಗೆದ್ದಲೂ ಬರುತ್ತದೆ. ಕೆಲಸ ಮುಗಿದ ತಕ್ಷಣ ಒಣ ಬಟ್ಟೆಯಿಂದ ಕೈಬೆವರು ಒರೆಸಿ, ಮೇಲೆ ಹೊಲಿಗೆ ಮಷೀನಿನ ಎಣ್ಣೆ ತೆಳ್ಳಗೆ ಸವರಿ. ಉಳಿಗಳನ್ನು ಚರ್ಮದ ಚೀಲದಲ್ಲಿ ಸುತ್ತಿ ಮಳೆಗಾಲ ಕಳೆಯಬೇಡಿ, ಚರ್ಮವೂ ತೇವ ಹಿಡಿಯುತ್ತದೆ. ಗಾಳಿಯಾಡುವ ಹಾಗೆ ನೇತುಹಾಕಿ, ಇಲ್ಲವೇ ಗಟ್ಟಿ ಮುಚ್ಚಳದ ಪೆಟ್ಟಿಗೆಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಜೊತೆ ಇಡಿ.

ನನಗಿರುವುದು ಒಂದು ಬಾಲ್ಕನಿ ಮಾತ್ರ.

ಸಾಕು. ಗೋಡೆಗೆ ಕೀಲು ಹಾಕಿದ 18 ಮಿ.ಮೀ. ಪ್ಲೈವುಡ್ ಹಲಗೆ, ಬೇಡವಾದಾಗ ಮಡಚಬಹುದು. ಒಂದು ಕೆಲಸಕ್ಕೆ ಒಂದು ಟ್ರೇ ಇಟ್ಟುಕೊಳ್ಳಿ. ಮಳೆ ಬಂದರೆ, ನೆಂಟರು ಬಂದರೆ ಟ್ರೇ ಎತ್ತಿ ಮಂಚದ ಕೆಳಗೆ. ಮಡಚುವ ಬೆಂಚಿನಲ್ಲಿ ರಾಶಿ ಬೆಳೆಯಲು ಜಾಗವೇ ಇರುವುದಿಲ್ಲ. ನನ್ನ ಬೆಂಚು ಚೆನ್ನಾಗಿ ಇದ್ದದ್ದು ಬಾಲ್ಕನಿಯಲ್ಲಿದ್ದ ಕಾಲದಲ್ಲೇ.

ಮನೆಯವರು ನಾನಿಲ್ಲದಾಗ ಬೆಂಚು ಜೋಡಿಸಿಬಿಟ್ಟರು. ಏನೂ ಸಿಗುತ್ತಿಲ್ಲ.

ಅವರ ಮೇಲೆ ರೇಗಬೇಡಿ. ಹೊರಗಿನವರಿಗೆ ಹರವು ಮತ್ತು ರಾಶಿ ಒಂದೇ ತರಹ ಕಾಣುತ್ತದೆ. ಬೆಂಚಿನ ಅಂಚಿಗೆ ಬಣ್ಣದ ಟೇಪ್ ಅಂಟಿಸಿ. ಟೇಪಿನ ಒಳಗಿನದು ನನ್ನದು, ಯಾರೂ ಮುಟ್ಟಬಾರದು. ಟೇಪ್ ದಾಟಿ ನೆಲಕ್ಕೋ ಊಟದ ಮೇಜಿಗೋ ಬಂದದ್ದನ್ನು ಅವರು ಎಲ್ಲಿ ಬೇಕಾದರೂ ಇಡಬಹುದು. ನಮ್ಮ ಮನೆಯಲ್ಲಿ ಇದು ಚೆನ್ನಾಗಿ ನಡೆದಿದೆ.

ಮುಂದೆ ಬೇಕಾಗುತ್ತೆ ಅಂತ ಇಟ್ಟ ಸಾಮಾನೇ ಜಾಗ ತಿನ್ನುತ್ತಿದೆ.

ಮತ್ತೆ ಸಿಗುತ್ತದಾ ಅಂತ ಕೇಳಿಕೊಳ್ಳಿ. ರೆಸಿಸ್ಟರು, ಸ್ವಿಚ್ಚು, ವೈರು ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಯಾವಾಗ ಹೋದರೂ ಸಿಗುತ್ತವೆ, ಅವನ್ನು ಗುಡ್ಡೆ ಹಾಕಬೇಡಿ. ಹಳೇ ರೇಡಿಯೋ ವಾಲ್ವು, ಒಳ್ಳೆಯ ತೇಗ ಅಥವಾ ಬೀಟೆಯ ತುಂಡು ಸಿಗುವುದಿಲ್ಲ, ಇಟ್ಟುಕೊಳ್ಳಿ. ಗೇಣುದ್ದಕ್ಕಿಂತ ಚಿಕ್ಕ ಮರದ ಚೂರು ಸ್ನಾನದ ಹಂಡೆ ಒಲೆಗೆ ಹೋಗಲಿ. ಪ್ಲೈವುಡ್ ಮತ್ತು ಎಂಡಿಎಫ್ (ಮರದ ನಾರನ್ನು ಅಂಟಿನಲ್ಲಿ ಒತ್ತಿ ಮಾಡಿದ ಹಲಗೆ) ಚೂರು ಮಾತ್ರ ಒಲೆಗೆ ಹಾಕಬೇಡಿ, ಅಂಟಿನ ಹೊಗೆ ಕೆಟ್ಟದ್ದು.

ಎಷ್ಟೇ ಮಾಡಿದರೂ ವರ್ಷಕ್ಕೊಮ್ಮೆ ಪೂರ್ತಿ ಶುಚಿ ಮಾಡಲೇಬೇಕಾ?

ಮಾಡಿ. ನಮಗೆ ಆಯುಧಪೂಜೆ ಇದೆಯಲ್ಲ. ನವರಾತ್ರಿಯ ಒಂಬತ್ತನೇ ದಿನ. ಹಿಂದಿನ ದಿನವೇ ಎಲ್ಲ ಉಪಕರಣ ಕೆಳಗಿಳಿಸಿ, ಒರೆಸಿ, ಎಣ್ಣೆ ಹಾಕಿ, ಉಳಿಗಳನ್ನು ಸಾಣೆ ಹಿಡಿಯಿರಿ. ಕೆಲಸದ ತುಂಡನ್ನು ಕಚ್ಚಿ ಹಿಡಿಯುವ ಬೆಂಚಿನ ವೈಸನ್ನೂ ಬಿಚ್ಚಿ. ಪೂಜೆ ದಿನ ಕುಂಕುಮ, ಹೂವು ಇಟ್ಟು ಸುಮ್ಮನೆ ಬಿಡಿ. ಅವತ್ತು ಯಾವ ಉಪಕರಣಕ್ಕೂ ಕೆಲಸ ಇಲ್ಲ.

ಅಜ್ಜಿಯ ಟೇಪ್ ರೆಕಾರ್ಡರಿನ ಸ್ಪ್ರಿಂಗು ಸಿಕ್ಕಿದ್ದು ಹಾಗೆ ವೈಸ್ ಬಿಚ್ಚಿದಾಗ. ಹಲಗೆಗೂ ವೈಸಿನ ಬುಡಕ್ಕೂ ನಡುವಿನ ಸಂದಿಯಲ್ಲಿ ಕೂತಿತ್ತು. ಕಳೆದು ನಾಲ್ಕು ತಿಂಗಳಾಗಿತ್ತು. ಹಬ್ಬದ ಸಂಜೆ ಜೋಡಿಸಿ ಕೊಟ್ಟೆ. ಕ್ಯಾಸೆಟ್ ಓಡಿತು.

ಅಪ್ಪ ತೀರಿಕೊಂಡರು. ಅವರ ಬೆಂಚು ಇದ್ದ ಹಾಗೇ ಇದೆ. ಜೋಡಿಸಬೇಕಾ, ಬಿಡಬೇಕಾ?

ಅವಸರ ಮಾಡಬೇಡಿ. ಮೊದಲು ಒಂದು ಬೆಳಿಗ್ಗೆ ಬೆಳಕು ಚೆನ್ನಾಗಿರುವಾಗ ಹೋಗಿ, ಏನನ್ನೂ ಮುಟ್ಟದೆ ಎಲ್ಲ ಕಡೆಯಿಂದ ಫೋಟೋ ತೆಗೆಯಿರಿ. ಡ್ರಾಯರುಗಳನ್ನೂ ಒಂದೊಂದಾಗಿ ಎಳೆದು ಒಳಗಿನದರ ಫೋಟೋ ತೆಗೆಯಿರಿ. ನಿಮಗೆ ಗಲೀಜು ಅನಿಸುವ ಕಡೆ ಅವರದ್ದೊಂದು ಕ್ರಮ ಇರುತ್ತದೆ. ನಿತ್ಯ ಹಿಡಿದ ಸ್ಕ್ರೂಡ್ರೈವರಿನ ಹಿಡಿ ಸವೆದು ಹೊಳೆಯುತ್ತಿರುತ್ತದೆ, ಬಲಗೈಗೆ ಹತ್ತಿರ ಇರುತ್ತದೆ.

ಹಳೇ ಪೇಂಟು, ಥಿನ್ನರು, ಸೋರುವ ಬ್ಯಾಟರಿ, ಎಣ್ಣೆ ಬಟ್ಟೆ ಇದ್ದರೆ ಅವತ್ತೇ ತೆಗೆಸಿ. ಉಳಿದದ್ದು ಕಾಯಲಿ. ಕೆಲಸ ಮಾಡುವ ಮನಸ್ಸಾದರೆ ಅವರ ಬೆಂಚಿನಲ್ಲೇ ಚಿಕ್ಕದೊಂದು ಮಾಡಿ, ಒಂದು ಸ್ಟೂಲೋ ದೇವರ ಮಣೆಯೋ. ಮಾಡುತ್ತಾ ಮಾಡುತ್ತಾ ಯಾವುದು ನಿಮ್ಮ ಕೈಗೆ ಬೇಕು, ಯಾವುದು ಬೇಡ ಅಂತ ಗೊತ್ತಾಗುತ್ತದೆ. ಬೇಡವಾದ ಉಪಕರಣವನ್ನು ಗುಜರಿಗೆ ತೂಕಕ್ಕೆ ಹಾಕಬೇಡಿ, ಬಳಸುವವರಿಗೆ ಕೊಡಿ. ಡಬ್ಬಗಳ ಮೇಲೆ ಅವರ ಕೈಬರಹದ ಚೀಟಿ ಇದ್ದರೆ, ಒಳಗಿನ ಸಾಮಾನು ಬದಲಾದರೂ ಚೀಟಿ ಕೀಳಬೇಡಿ. ಮೇಲೆ ಒಂದು ಪದರ ಪಾರದರ್ಶಕ ಟೇಪ್ ಹಾಕಿ, ಶಾಯಿ ಅಳಿಸುವುದಿಲ್ಲ.